ಮುದ್ರೆಯಿಲ್ಲದ ಕಲ್ಲು

ಕಬ್ಬಿಣದ್ದಾದರೂ ಅದನ್ನು ನಾವು
ಕಲ್ಲು ಅಂತಲೇ ಕರೆಯುವುದು:
ಕಾಲು ಕೇಜಿ ಕಲ್ಲು, ಅರ್ಧ ಕೇಜಿ ಕಲ್ಲು.
ಯಾಕೆ ಅಂತ ಇಪ್ಪತ್ತೊಂದು ವರ್ಷದ ಸರ್ವೀಸಿನಲ್ಲಿ
ಒಮ್ಮೆಯೂ ಯೋಚಿಸಿದ್ದಿಲ್ಲ ನಾನು.

ಹಾಸನ, ಕಟ್ಟಿನಕೆರೆ ಮಾರುಕಟ್ಟೆ, ಮಂಗಳವಾರ.
ಅವರೆಕಾಯಿಯ ಸೊಗಡು ಮೂಗಿಗೆ ಅಡರಿ
ಚಳಿಗೆ ಗಂಟಲು ಕಟ್ಟಿದವರೂ
ದನಿಯೆತ್ತಿ ಚೌಕಾಸಿಗಿಳಿಯುವ ಹೊತ್ತು.
ಹೆಗಲಲ್ಲಿ ಇಲಾಖೆಯ ಪೆಟ್ಟಿಗೆ. ಅದರೊಳಗೆ
ಹಿತ್ತಾಳೆಯ ಮಾದರಿ ತೂಕಗಳು,
ಕೆಂಪು ಮಖಮಲ್ಲಿನ ಗುಳಿಯಲ್ಲಿ
ಬಾಣಂತಿ ಮಗ್ಗುಲ ಕೂಸಿನಂತೆ ಬೆಚ್ಚಗೆ.
ನನ್ನ ಕಂಡರೆ ತಕ್ಕಡಿಗಳು ತಾವಾಗಿ ನೆಟ್ಟಗಾಗುತ್ತವೆ,
ತಳಕ್ಕೆ ಹುಣಿಸೆಹಣ್ಣು ಮೆತ್ತಿದ ತಟ್ಟೆಗಳು
ಗೋಣಿಯಡಿ ಸೇರುತ್ತವೆ.

ನಿಂಗಾಜಮ್ಮ ಏನನ್ನೂ ಅಡಗಿಸಲಿಲ್ಲ.
ಅವಳ ತಕ್ಕಡಿಯಲ್ಲಿ ನಿಜಕ್ಕೂ ಕಲ್ಲೇ ಇತ್ತು,
ಚೌಕನೆಯ ಕರಿಗಲ್ಲು, ಮೂಲೆ ಸವೆದು
ಜೇಬಲ್ಲಿ ಉಳಿದ ಬೆಲ್ಲದ ತುಂಡಿನ ಹಾಗೆ.
‘ಮುದ್ರೆ ಎಲ್ಲಮ್ಮ?’
‘ಕಲ್ಲಿಗೆ ಎಂಥಾ ಮುದ್ರೆ?
ನಮ್ಮತ್ತೆ ತೇದು ತೇದು ಸರಿ ಮಾಡಿದ್ದು ಕಣವ್ವ.
ಊರು ಮುಳುಗೋವಾಗ ಒರಳು ಹೊರೋಕಾಗಲಿಲ್ಲ,
ಬಾಗಿಲು ಕೀಳೋಕಾಗಲಿಲ್ಲ,
ಇದೊಂದು ಸೆರಗಲ್ಲಿ ಬಂತು.’

ಬೇಸಗೆಯಲ್ಲಿ ಹೇಮಾವತಿಯ ಹಿನ್ನೀರು ತಗ್ಗಿದರೆ
ಅವಳ ಊರಿನ ಚರಂಡಿಗಳಷ್ಟೇ ಕಾಣುತ್ತವಂತೆ.
ಗೋಡೆ ಕರಗಿದೆ, ತುಳಸಿಕಟ್ಟೆ ಕರಗಿದೆ,
ಕೊಳೆನೀರು ಹರಿದ ಗೆರೆ ಕರಗಿಲ್ಲ.

ಜಪ್ತಿ ಮಾಡಬೇಕು. ಅದಕ್ಕೂ ಮೊದಲು ತೂಗಬೇಕು.
ನನ್ನ ಅರ್ಧ ಕೇಜಿ ಈಚೆಗೆ, ಅವಳ ಕಲ್ಲು ಆಚೆಗೆ.
ಮುಳ್ಳು ಎರಡು ಸಲ ತಲೆಯಾಡಿಸಿ
ನಟ್ಟನಡುವೆ ನಿಂತಿತು.
ಹದಿನಾರಾಣೆ.

ಆಗ ನೆನಪಾದರು ರಾಂಚಿಯ ತರಬೇತಿಯ ಮೇಷ್ಟ್ರು.
ಊಟವಾದ ಮೇಲಿನ ಪಿರಿಯಡ್ಡು, ತೂಕದ ಪಾಠಕ್ಕೆ
ಇಡೀ ಕ್ಲಾಸು ತೂಕಡಿಸುತ್ತಿತ್ತು.
ಹಲಗೆಯ ಮೇಲೆ ಸೀಮೆಸುಣ್ಣದ ಚೌಕಗಳು:
ಸಿಂಧೂ ಬಯಲಿನ ಕಲ್ಲು. ಒಂದು, ಎರಡು, ನಾಲ್ಕು,
ಎಂಟು, ಹದಿನಾರು, ಮೂವತ್ತೆರಡು,
ನಮ್ಮಜ್ಜಿ ಪಾವು, ಅಚ್ಚೇರು, ಸೇರು ಅಂತ
ರಾಗಿ ಅಳೆಯುತ್ತ ಇಮ್ಮಡಿಸಿದ ಹಾಗೇ.
ಊರಿಂದೂರಿಗೆ ತಿಂಗಳ ದಾರಿ, ಎತ್ತಿನ ಗಾಡಿ, ದೋಣಿ;
ಕಲ್ಲು ಮಾತ್ರ ಎಲ್ಲಿ ಅಗೆದರೂ ಒಂದೇ ಲೆಕ್ಕ.
ಅರಮನೆ ಸಿಕ್ಕಿಲ್ಲ, ದೊರೆಯ ಹೆಸರು ಸಿಕ್ಕಿಲ್ಲ,
ಅವರು ಬರೆದದ್ದು ಯಾರಿಗೂ ಓದಲು ಬಂದಿಲ್ಲ.
‘ಹಾಗಾದರೆ ಅಲ್ಲಿ ಕಳ್ಳರೇ ಇರಲಿಲ್ಲವೇ ಸಾರ್?’
ಹಿಂದಿನ ಬೆಂಚಿನಿಂದ ಯಾರೋ.
ಮೇಷ್ಟ್ರು ಸುಣ್ಣದ ಕೈ ಒರೆಸಿಕೊಂಡರು:
‘ಇದ್ದರು. ಅದಕ್ಕೇ ಕಲ್ಲು ಮಾಡಿದರು.’

ಯಾರು ಮಾಡಿದ್ದು? ಮೇಷ್ಟ್ರು ಹೇಳಲಿಲ್ಲ, ನಾನೂ ಕೇಳಲಿಲ್ಲ.
ಇವತ್ತು ಈ ಅವರೆಕಾಯಿ ರಾಶಿಯ ಮುಂದೆ
ಯಾರೋ ಒಬ್ಬಳು ಕುಕ್ಕರುಗಾಲಲ್ಲಿ ಕೂತದ್ದು ಕಾಣುತ್ತಿದೆ,
ಹೊಳೆದಂಡೆಯಲ್ಲಿ, ತೇಯುತ್ತ, ತೂಗುತ್ತ,
ಮತ್ತೆ ಒಂದಿಷ್ಟು ತೇಯುತ್ತ.
ಒಂದು ಉಜ್ಜು ಹೆಚ್ಚಾದರೆ ಮುಗಿಯಿತು,
ಹೋದ ಪುಡಿಯನ್ನು ಕಲ್ಲಿಗೆ ಮರಳಿ ಅಂಟಿಸಲಾಗದು.
ಕೊನೆಯ ಉಜ್ಜಿಗೆ ಮುಂಚೆ
ಉಸಿರು ಹಿಡಿದಿರಬೇಕು ಅವಳು.

ರಸೀದಿ ಬರೆದೆ.
ಹೆಸರು: ನಿಂಗಾಜಮ್ಮ, ಗಂಡ ಲೇಟ್ ಸಣ್ಣರಂಗೇಗೌಡ.
ವಸ್ತು: ಕಲ್ಲು, ಒಂದು.
ದೋಷ: ಇಲ್ಲಿಗೆ ಬಂದು ಪೆನ್ನು ನಿಂತಿತು.
ಮುದ್ರೆ ಇಲ್ಲ, ಅಂತಷ್ಟೇ ಬರೆದೆ.

ಪಕ್ಕದ ಈರುಳ್ಳಿ ಅಂಗಡಿಯವನು ಮರುಕಪಟ್ಟು
ತನ್ನ ಕಬ್ಬಿಣದ ಅರ್ಧ ಕೇಜಿ ಎರವಲು ಕೊಟ್ಟ.
ಹೋದ ವರ್ಷ ನಾನೇ ಹೊಡೆದ ಮುದ್ರೆ
ಸೀಸದ ಬೊಟ್ಟಿನಲ್ಲಿ ಇನ್ನೂ ಮಿಣಮಿಣ.
ನಿಂಗಾಜಮ್ಮ ಅದನ್ನು ಅಂಗೈಯಲ್ಲಿ ಎರಡು ಸಲ ಎತ್ತಿಳಿಸಿ
ಮುಖ ಹಿಂಡಿದಳು.
‘ಇದು ಇಳಿದೈತೆ ಕಣವ್ವ.’

ಬೋರಲು ಹಾಕಿ ನೋಡಿದೆ. ತಳದಲ್ಲಿ ಯಾರೋ
ಮೇಣ ತುಂಬಿದ್ದರು, ಕೊರೆದ ಜಾಗಕ್ಕೆ.
ತೂಗಿದೆ. ಇಪ್ಪತ್ತೆರಡು ಗ್ರಾಂ ಕಡಿಮೆ.

ಈರುಳ್ಳಿಯವನು ಬೇರೆ ಕಡೆ ನೋಡುತ್ತಿದ್ದಾನೆ.
ಅವಳು ಸೆರಗು ಒಡ್ಡಿ ನಿಂತಿದ್ದಾಳೆ, ಕಲ್ಲಿಗೆ.
ರಸೀದಿಯನ್ನು ಪುಸ್ತಕದಿಂದ
ನಾನಿನ್ನೂ ಹರಿದಿಲ್ಲ.